ಮೂರು, ಒಂಬತ್ತರ ಪಾಲು

ರುಮಾಲು ಮತ್ತೆ ಎಡಕ್ಕೆ ಜಾರಿತು. ಆದಿನಾರಾಯಣಪ್ಪ ಅದನ್ನು ಪೂರ್ತಿ ಬಿಚ್ಚಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೊದಲಿನಿಂದ ಸುತ್ತತೊಡಗಿದ. ಗೋಡೆಯ ಕನ್ನಡಿಯಲ್ಲಿ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಇಷ್ಟು ವರ್ಷ ಆ ಅರ್ಧ ಸಾಕಾಗಿತ್ತು. ಬರೀ ಲೆಕ್ಕದ ಮೇಷ್ಟರಾಗಿದ್ದಾಗ ಕರಿಯ ಟೋಪಿ ಇಟ್ಟುಕೊಂಡು ಹೊರಟುಬಿಡುತ್ತಿದ್ದ. ಹೆಡ್ಮಾಸ್ತರಿಗೆ ರುಮಾಲು ಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ಸ್ಕೂಲು ಕಮಿಟಿಯ ಆರ್ಡರು ಕೈಗೆ ಬಂದ ದಿನವೇ ಹೆಂಡತಿ ಅಮ್ಮಯಮ್ಮ ತೀರಿಹೋದ ತನ್ನ ತಂದೆಯ ಜರಿ ರುಮಾಲನ್ನು ಪೆಟ್ಟಿಗೆಯ ತಳದಿಂದ ತೆಗೆದು ಬಿಸಿಲಿಗೆ ಹರವಿದ್ದಳು. ಎಷ್ಟು ಬಿಸಿಲು ಕಂಡರೂ ಅದರ ನುಸಿಗುಳಿಗೆಯ ವಾಸನೆ ಹೋಗಿರಲಿಲ್ಲ. ತಲೆಗೇರಿದ ಕೂಡಲೇ ಆ ವಾಸನೆ ಮೂಗಿಗಿಳಿದು, ಸತ್ತವರೊಬ್ಬರ ತಲೆಯನ್ನು ತಾನು ಹೊತ್ತು ತಿರುಗುತ್ತಿದ್ದೇನೆ ಅನ್ನಿಸುತ್ತಿತ್ತು.

"ಇವತ್ತೇ ಅಲ್ವಾ ಅವ್ರು ಹೊರಡೋದು?" ಒಲೆಯ ಮುಂದಿನಿಂದ ಅಮ್ಮಯಮ್ಮ ಕೇಳಿದಳು.

"ಯಾರು?"

"ಯಾರು ಅಂತ ಕೇಳ್ತೀರಲ್ಲ. ತಾಜುದ್ದೀನ್ ಸಾಹೇಬ್ರು. ಜವರಪ್ಪ ನಿನ್ನೆ ನಿಮ್ಮ ಮುಂದೇನೇ ನಿಂತ್ಕೊಂಡು ಹೇಳ್ಲಿಲ್ವಾ?"

ಹೇಳಿದ್ದ. ಸ್ಕೂಲಿನ ಜವಾನ ಜವರಪ್ಪ ಬಾಗಿಲಲ್ಲೇ ನಿಂತು, ಸಾಹೇಬ್ರು ಊರು ಬಿಡೋಕೆ ಮುಂಚೆ ಒಂದ್ಸಲ ಬಂದು ಹೋಗ್ಬೇಕಂತೆ ಸಾರ್, ಎಂದಿದ್ದ. ಯಾಕಂತೆ, ಎಂದು ಆದಿನಾರಾಯಣಪ್ಪ ಹೆದರಿಕೊಂಡೇ ಕೇಳಿದ್ದ. ನಂಬರಿನ ವಿಷಯ ಅಂದ್ರು ಸಾರ್, ಎಂದು ಜವರಪ್ಪ ಹೇಳಿದಾಗ ಎದೆಯೊಳಗೆ ಏನೋ ಸಡಿಲವಾಯಿತು. ನಂಬರಿನ ವಿಷಯ, ಕೆಲಸದ ವಿಷಯವಲ್ಲ, ಕಮಿಟಿಯ ವಿಷಯವಲ್ಲ. ಆ ಸಮಾಧಾನವನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು. ನಾಚಿಕೆಯಾಗುತ್ತಿದೆಯಲ್ಲ, ತಾನಿನ್ನೂ ಪೂರ್ತಿ ಕೆಟ್ಟಿಲ್ಲ ಎಂದೂ ಅನ್ನಿಸಿತು. ಇಂಥ ಸಣ್ಣ ಸಣ್ಣ ಸಮಾಧಾನಗಳನ್ನು ಹುಡುಕಿಕೊಳ್ಳುವುದರಲ್ಲಿ ಅವನು ಈಚೆಗೆ ಬಹಳ ಚುರುಕಾಗಿದ್ದ.

"ಹೋಗದಿದ್ರೆ ನೋಡಿದ ಜನ ಏನಂದ್ಕೊಳ್ತಾರೆ. ಅಟ್ಟದ ಮೇಲೆ ಇಟ್ಕೊಂಡಿದೀರಲ್ಲ, ಅವ್ರ ಕಾಗದದ ಕಟ್ಟು, ಅದನ್ನೂ ಕೊಟ್ಟು ಬನ್ನಿ," ಎಂದಳು ಅಮ್ಮಯಮ್ಮ. "ಚಾ ಕೊಟ್ರೆ ಕುಡೀರಿ ಇವತ್ತು. ಕೊನೇ ಸಲ."

ಎರಡು ವರ್ಷ ಆ ಮನೆಯ ಚಾಕ್ಕೆ ಮುಖ ಸಿಂಡರಿಸಿದವಳು ಇವಳೇ. ಗೆದ್ದವರ ಮನೆಯಲ್ಲಿ ಔದಾರ್ಯ ಎಷ್ಟು ಬೇಗ ಹುಟ್ಟುತ್ತದೆ ಎಂದುಕೊಂಡು ಆದಿನಾರಾಯಣಪ್ಪ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಿದ್ದ.

ದೇವನಹಳ್ಳಿಯ ಪೇಟೆಬೀದಿಯಲ್ಲಿ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ಜವಳಿ ಅಂಗಡಿಯ ಪಿಳ್ಳಪ್ಪ ಗದ್ದಿಗೆಯಿಂದ ಎದ್ದು ನಿಂತು, ನಮಸ್ಕಾರ ಹೆಡ್ಮಾಸ್ತರೇ ಎಂದ. ಹೋದ ತಿಂಗಳವರೆಗೆ ಈತ ಕೂತಲ್ಲಿಂದಲೇ ಗದ್ದ ಎತ್ತಿ ಸುಮ್ಮನಾಗುತ್ತಿದ್ದ. ಆದಿನಾರಾಯಣಪ್ಪ ಕೈಮುಗಿಯಲು ಹೋದಾಗ ಕಟ್ಟು ಜಾರಿತು, ಅದನ್ನು ಹಿಡಿಯಲು ಹೋದರೆ ರುಮಾಲು ವಾರೆಯಾಯಿತು. ಪಿಳ್ಳಪ್ಪ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಕಟ್ಟಿನ ಕಾಗದಗಳೆಲ್ಲ ಹಳೆಯ ಪರೀಕ್ಷೆಯ ಉತ್ತರಪತ್ರಿಕೆಗಳು. ಯುದ್ಧದ ಕಾಲದಿಂದ ಕಾಗದಕ್ಕೆ ಬರವಿದ್ದುದರಿಂದ ಹುಡುಗರು ಒಂದು ಮಗ್ಗುಲಲ್ಲಿ ಬರೆದದ್ದರ ಬೆನ್ನ ಮೇಲೆ ಇಬ್ಬರು ಮೇಷ್ಟರು ಭಾಗಾಕಾರ ಮಾಡಿದ್ದರು. ಅದು ಶುರುವಾದದ್ದೂ ಒಂದು ಪರೀಕ್ಷೆಯ ದಿನ. ಹುಡುಗರು ಬಗ್ಗಿ ಬರೆಯುತ್ತಿದ್ದರು, ಕಾವಲಿಗೆ ಇವರಿಬ್ಬರೂ ಇದ್ದರು. ಬೇಸರಕ್ಕೆ, ಅವನಿಗಿಂತ ಹಿರಿಯ ಲೆಕ್ಕದ ಮೇಷ್ಟರಾದ ತಾಜುದ್ದೀನ್ ಸಾಹೇಬರು ಕರಿಹಲಗೆಯ ಮೂಲೆಯಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಸಾಲಾಗಿ ಬರೆದು, ಒಂದು ಕ್ಷಣ ಯೋಚಿಸಿ, ಕೊನೆಯಲ್ಲಿ ಇನ್ನೊಂದು ಒಂದನ್ನು ಸೇರಿಸಿದರು. 1234567891. "ನೋಡಿ ಮೇಷ್ಟ್ರೇ," ಎಂದು ಪಿಸುಗುಟ್ಟಿದರು, "ಮಕ್ಕಳು ಎಣಿಸೋದು ಕಲೀತಾರಲ್ಲ, ಹಂಗೇ ಹೋಗಿ ವಾಪಸು ಮೊದಲಿಗೇ ಬಂತು. ಇದು ಒಡೆಯುತ್ತಾ?"

ನೂರಿಪ್ಪತ್ತಮೂರು ಕೋಟಿ ನಲವತ್ತೈದು ಲಕ್ಷ ಅರವತ್ತೇಳು ಸಾವಿರದ ಎಂಟುನೂರ ತೊಂಬತ್ತೊಂದು. ಕೊನೆಯ ಒಂದರ ಜಾಗದಲ್ಲಿ ಸೊನ್ನೆ ಇದ್ದರೆ ಮಡಕೆಯಂತೆ ಚೂರಾಗುವ ಸಂಖ್ಯೆ. ಇದು ಎರಡಕ್ಕೆ ಒಡೆಯಲಿಲ್ಲ, ಮೂರಕ್ಕೆ ಒಡೆಯಲಿಲ್ಲ. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು, ಹನ್ನೊಂದರಿಂದ ಏಳು, ಹದಿಮೂರರಿಂದ ಹನ್ನೊಂದು. ಪರೀಕ್ಷೆಯ ಗಂಟೆ ಹೊಡೆಯುವ ಹೊತ್ತಿಗೆ ಇಬ್ಬರಿಗೂ ಹುಚ್ಚು ಹಿಡಿದಿತ್ತು. ಒಂದು ಸಂಖ್ಯೆ ಒಡೆಯುತ್ತದೆ ಎನ್ನಲು ಶೇಷವಿಲ್ಲದೆ ಭಾಗಿಸುವ ಒಂದೇ ಒಂದು ಸಂಖ್ಯೆ ಸಿಕ್ಕರೆ ಸಾಕು. ಒಡೆಯುವುದಿಲ್ಲ, ಇದು ಅವಿಭಾಜ್ಯ ಎನ್ನಬೇಕಾದರೆ ಅದರ ವರ್ಗಮೂಲದವರೆಗೆ, ಅಂದರೆ ಮೂವತ್ತೈದು ಸಾವಿರದ ಚಿಲ್ಲರೆಯವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಕರೆದು ಕೇಳಬೇಕು. ಅಂಥವು ಮೂರು ಸಾವಿರದ ಏಳುನೂರಕ್ಕೂ ಹೆಚ್ಚು. ಒಬ್ಬನಿಂದ ಆಗುವ ಕೆಲಸವಲ್ಲ. ಎರಡು, ಐದು ಬಿಟ್ಟರೆ ಅವೆಲ್ಲವೂ ಒಂದು, ಮೂರು, ಏಳು ಅಥವಾ ಒಂಬತ್ತರಲ್ಲಿ ಮುಗಿಯುವಂಥವು. "ಒಂದು ಮತ್ತು ಏಳು ನನ್ನ ಪಾಲು," ಎಂದರು ಸಾಹೇಬರು, "ಮೂರು, ಒಂಬತ್ತು ನಿಮ್ಮ ಪಾಲು." ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಂತೆ ಹಂಚಿಕೊಂಡರು. ಭಾನುವಾರ ಭಾನುವಾರ ಕೋಟೆಯೊಳಗಿನ ಸಾಹೇಬರ ಮನೆಯ ಜಗಲಿಯಲ್ಲಿ ಕೂತು ವಾರದ ಭಾಗಾಕಾರಗಳನ್ನು ಎದುರುಬದುರು ಇಟ್ಟುಕೊಳ್ಳುತ್ತಿದ್ದರು. ಒಳಗಿನಿಂದ, ಸಾಹೇಬರ ಹೆಂಡತಿ ಶರೀಫುನ್ನೀಸಾ ಪರದೆಯ ಅಡಿಯಿಂದ ಬೆಲ್ಲದ ಚಾ ದೂಡುತ್ತಿದ್ದರು. ಹಿತ್ತಲ ಮರದಲ್ಲಿ ಕಾಯಿದ್ದ ಕಾಲಕ್ಕೆ ಬಿಡಿಸಿದ ಚಕ್ಕೋತದ ತೊಳೆಗಳು, ಉಪ್ಪು ಖಾರ ಹಚ್ಚಿ. ಒಂದು ಸಲ ಸಾಹೇಬರು ಬರಿಗಾಲಲ್ಲಿ ಪೇಟೆಬೀದಿಯವರೆಗೆ ಓಡಿಬಂದಿದ್ದರು. "ಮೂರು ಸಾವಿರದ ಆರುನೂರ ಏಳರಲ್ಲಿ ಒಂದು ಉಳೀತು ಮೇಷ್ಟ್ರೇ! ಒಂದೇ ಒಂದು! ಅದೊಂದು ಇರ್ಲಿಲ್ಲ ಅಂದಿದ್ರೆ ನಮ್ಮ ಕಥೆ ಮುಗೀತಿತ್ತು!" ಆಮೇಲೆ ಆದಿನಾರಾಯಣಪ್ಪನಿಗೂ ಮೂರು ಸಾವಿರದ ಎಂಟುನೂರ ಮೂರರಲ್ಲಿ ಒಂದೇ ಉಳಿಯಿತು. ಆಗ ಅವನೂ ಓಡಿಹೋಗಿದ್ದ. ಜೀವನದಲ್ಲಿ ಮತ್ತೆ ಯಾವುದಕ್ಕೂ ತಾನು ಹಾಗೆ ಓಡಿದ್ದು ನೆನಪಿಲ್ಲ.

ವೆಂಕಟರಾಯಪ್ಪನವರ ಮನೆಯ ಮುಂದೆ ಹಾದು ಹೋಗುವಾಗ ಅವನ ನಡಿಗೆ ತಾನೇ ಚುರುಕಾಯಿತು. ಊರ ಸುತ್ತ ಜಮೀನಿರುವ ವೆಂಕಟರಾಯಪ್ಪನವರೇ ಸ್ಕೂಲು ಕಮಿಟಿಯ ಪ್ರೆಸಿಡೆಂಟರು. ಸ್ಕೂಲಿನ ಕಟ್ಟಡವೂ ಅವರದೇ. ಸೆಪ್ಟೆಂಬರಿನಲ್ಲಿ ಹೈದರಾಬಾದಿಗೆ ಸೈನ್ಯ ಹೋದ ದಿನಗಳಲ್ಲಿ ಅವರು ಹೇಳಿ ಕಳಿಸಿದ್ದರು. ಹಳೆಯ ಹೆಡ್ಮಾಸ್ತರು ರಿಟೈರಾಗುವುದಿತ್ತು. ಸೀನಿಯಾರಿಟಿಯ ಪ್ರಕಾರ ಆ ಕುರ್ಚಿ ತಾಜುದ್ದೀನ್ ಸಾಹೇಬರದು, ಅವರ ನಂತರ ಆದಿನಾರಾಯಣಪ್ಪನದು. ವೆಂಕಟರಾಯಪ್ಪನವರು ಪೇಪರು ಮಡಿಸಿಟ್ಟು, ಎಲೆಗೆ ಸುಣ್ಣ ಹಚ್ಚುತ್ತಾ, ಏನೂ ಆಗದವರಂತೆ ಕೇಳಿದ್ದರು. "ಅಲ್ಲ ಮೇಷ್ಟ್ರೇ, ಸಾಹೇಬ್ರ ಭಾಮೈದ ಹೈದರಾಬಾದಲ್ಲಿ ಇದಾನಂತಲ್ಲ. ಕಮಿಟೀಲಿ ಒಬ್ರಿಬ್ರು ಏನೇನೋ ಮಾತಾಡ್ತಾರೆ. ನೀವು ಅವ್ರ ಜೊತೆ ಕೂತು ಎದ್ದು ಮಾಡೋರು. ನಂಬಬೋದಾ ಮನುಷ್ಯನ್ನ?" ಆದಿನಾರಾಯಣಪ್ಪ ಕೊಡಬೇಕಾಗಿದ್ದ ಉತ್ತರ ಒಂದೇ ಶಬ್ದ. ಆ ಶಬ್ದ ನಾಲಗೆಯ ಮೇಲೆ ಬಂದೂ ಇತ್ತು. ಆದರೆ ಅದರ ಜೊತೆಗೇ ಒಂದು ಕುರ್ಚಿಯ ಚಿತ್ರವೂ ಬಂತು, ಎರಡು ಕೈಗಳಿರುವ, ಬೆತ್ತ ಹೆಣೆದ ಕುರ್ಚಿ. "ನನಗೆ ಗೊತ್ತಿರೋ ಮಟ್ಟಿಗೆ ಏನೂ ಇಲ್ಲ ಸ್ವಾಮಿ," ಎಂದ. ಸ್ವಲ್ಪ ತಡೆದು, "ಗೊತ್ತಿಲ್ಲದ್ದರ ಬಗ್ಗೆ ಹೆಂಗೆ ಹೇಳ್ಲಿ?" ಎಂದ. ಎಷ್ಟು ಕರಾರುವಾಕ್ಕಾದ ಮಾತು! ಒಂದು ಅಕ್ಷರ ಸುಳ್ಳಿಲ್ಲ. ಎಲ್ಲವನ್ನೂ ಪರೀಕ್ಷಿಸದೆ ಇಲ್ಲ ಎಂದು ಹೇಳಬಾರದು ಎನ್ನುವುದನ್ನು ಅವನು ಎರಡು ವರ್ಷದಿಂದ ಆ ಮನುಷ್ಯನ ಜೊತೆಯಲ್ಲೇ ಕೂತು ಕಲಿತಿದ್ದ. ವೆಂಕಟರಾಯಪ್ಪನವರು ಎಲೆ ಬಾಯಿಗಿಟ್ಟುಕೊಂಡು, ಹೂಂ ಎಂದರು. ಅಷ್ಟೇ. ಆ ತಿಂಗಳ ಕೊನೆಗೆ ಸಾಹೇಬರಿಂದ ರಾಜೀನಾಮೆ ಬರೆಸಿಕೊಂಡರೆಂದು ತಿಳಿದಾಗ ಆದಿನಾರಾಯಣಪ್ಪ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟ.

ಅದಾದ ಮೇಲೆ ಅವನಿಗೆ ಒಂದು ಚಟ ಹತ್ತಿತು. ಭಾಗಾಕಾರಗಳೆಲ್ಲ ಮುಗಿದು, ಒಬ್ಬರ ಪಾಲನ್ನು ಇನ್ನೊಬ್ಬರು ಶುದ್ಧ ಪ್ರತಿ ಮಾಡುವುದೆಂದು ಕಟ್ಟುಗಳನ್ನು ಅದಲುಬದಲು ಮಾಡಿಕೊಂಡಿದ್ದರಲ್ಲ. ಪ್ರತಿ ಮಾಡುವ ಬದಲು ಅವನು ಸಾಹೇಬರ ಒಂದು, ಏಳುಗಳನ್ನು ಮತ್ತೆ ಭಾಗಿಸತೊಡಗಿದ. ಗಣಿತವೆಂದರೆ ಇನ್ನೊಮ್ಮೆ ನೋಡುವುದು, ಅದರಲ್ಲಿ ತಪ್ಪೇನು ಎಂದು ತನಗೆ ತಾನೇ ಹೇಳಿಕೊಂಡ. ಸ್ಕೂಲು ಬಿಟ್ಟು ಬಂದವನು ಅಟ್ಟ ಹತ್ತಿ, ಕಿಟಕಿಯ ಬೆಳಕು ಇರುವವರೆಗೆ ಭಾಗಿಸುತ್ತಿದ್ದ. ನೂರು ನೋಡಿದ, ಸರಿ ಇತ್ತು. ಐನೂರು ನೋಡಿದ, ಸರಿ ಇತ್ತು. ಶೇಷಗಳೆಲ್ಲ ಮಲಗಿದ ಮಕ್ಕಳಂತೆ ತಮ್ಮ ತಮ್ಮ ಜಾಗದಲ್ಲಿದ್ದವು. ಸಂತೋಷವಾಗಬೇಕಿತ್ತು, ಅವನಿಗೆ ಸಿಟ್ಟು ಬರತೊಡಗಿತು. ಒಂದಾದರೂ ತಪ್ಪಬಾರದೇ ಈ ಮನುಷ್ಯ! ಒಂದು ಕಡೆ ಎಂಟರ ಬದಲು ಒಂಬತ್ತು ಬರೆದಿದ್ದರೆ, ಒಂದು ಕಡೆ ದಶಕ ಮರೆತಿದ್ದರೆ, ಆದಿನಾರಾಯಣಪ್ಪ ಆ ದಿನ ವೆಂಕಟರಾಯಪ್ಪನವರಿಗೆ ಕೊಟ್ಟ ಉತ್ತರಕ್ಕೆ ಒಂದು ಆಧಾರ ಸಿಕ್ಕುತ್ತಿತ್ತು. ತಾನು ಹುಡುಕುತ್ತಿರುವುದು ಅದನ್ನೇ ಎಂದು ಅವನಿಗೆ ತಿಳಿದದ್ದು ಕೊನೆಯ ಹಾಳೆ ಮುಗಿದ ಸಂಜೆ. ಅಲ್ಲೂ ತಪ್ಪಿರಲಿಲ್ಲ.

ಮತ್ತು ತನ್ನ ಪಾಲು. ಅದರ ಬಗ್ಗೆ ಅವನು ಯೋಚಿಸುವುದನ್ನೇ ಬಿಟ್ಟಿದ್ದ. ಬಿಟ್ಟಷ್ಟೂ ಅದು ಹಲ್ಲಿನ ಸಂದಿಯ ನಾರಿನಂತೆ ನಾಲಗೆಗೆ ಸಿಕ್ಕುತ್ತಿತ್ತು. ಹಿಂದಿನ ವರ್ಷದ ದಸರಾ ರಜೆಯಲ್ಲಿ ನೆಲಮಂಗಲದಲ್ಲಿ, ಮಾವನ ಮನೆಯ ಜಗಲಿಯಲ್ಲಿ ಕೂತು ಭಾಗಿಸುತ್ತಿದ್ದ. ಮಧ್ಯಾಹ್ನ, ಊಟದ ಭಾರ. ಹೆಂಡತಿಯ ತಮ್ಮ ಕೊಂಡಪ್ಪ ಇಸ್ಪೀಟಿನ ಗೆಳೆಯರ ಮುಂದೆ, "ನಮ್ಮ ಭಾವನೋರು ಒಂದು ಲೆಕ್ಕ ಮಾಡ್ತಾವ್ರೆ ಕಣ್ರಲಾ, ವರ್ಷ ಆಯ್ತು, ಇನ್ನೂ ಉತ್ತರ ಬಂದಿಲ್ಲ," ಎಂದ. ಎಲ್ಲರೂ ನಕ್ಕರು. ಆದಿನಾರಾಯಣಪ್ಪನೂ ನಕ್ಕ. ನಕ್ಕು, ಮುಂದಿನ ಸಂಖ್ಯೆಯ ಎದುರಿಗೆ, ಭಾಗಿಸದೆ, ಒಂದು ಶೇಷವನ್ನು ಬರೆದ. ಸುಮ್ಮನೆ, ಮನಸ್ಸಿಗೆ ಬಂದದ್ದು. ಅದರ ಮುಂದಿನದಕ್ಕೂ ಬರೆದ. ಬೇಲಿಯ ಆಚೆ ಎಮ್ಮೆ ಮೇಯುತ್ತಿತ್ತು, ಹಾಗೆಯೇ ಮೇಯಿತು. ಸಂಖ್ಯೆ ಅವಿಭಾಜ್ಯವೆಂದು ಆ ಹೊತ್ತಿಗೆ ಅವನಿಗೆ ಖಾತ್ರಿಯಾಗಿತ್ತು. ಖಾತ್ರಿಯಾದದ್ದಕ್ಕೆ ಇಷ್ಟೊಂದು ಬೆವರು ಯಾಕೆ? ಮೊದಮೊದಲು ನಿಜವಾಗಿ ಮಾಡಿದ್ದರ ನಡುವೆ ಒಂದೊಂದನ್ನು ತೂರಿಸುತ್ತಿದ್ದ. ಆಮೇಲೆ ಸುಸ್ತಾದಾಗೆಲ್ಲ. ಭಾನುವಾರ ಅವನ್ನು ಸಾಹೇಬರ ಮುಂದಿಟ್ಟಾಗ ಅವರು ಹಾಳೆಯ ಮೇಲೆ ಕೈಯಾಡಿಸಿ, ಭೇಷ್ ಮೇಷ್ಟ್ರೇ, ನನಗಿಂತ ಜೋರಾಗಿ ಓಡ್ತಿದೀರಿ, ಎನ್ನುತ್ತಿದ್ದರು.

ಕೋಟೆಯ ಬಾಗಿಲು ದಾಟಿ ಓಣಿಗೆ ತಿರುಗಿದಾಗ ಸಾಹೇಬರ ಮನೆಯ ಮುಂದೆ ಟ್ರಂಕು, ಗೋಣಿಚೀಲಗಳು, ಮಗುಚಿ ಹಾಕಿದ ಮಂಚ ಕಂಡವು. ತಾಜುದ್ದೀನ್ ಸಾಹೇಬರು ಪ್ರಯಾಣದ ಕರಿಯ ಕೋಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದರು. ತಲೆಯೆತ್ತಿ ನೋಡಿ ಮುಖವರಳಿಸಿದರು.

"ಬನ್ನಿ, ಬನ್ನಿ ಮೇಷ್ಟ್ರೇ! ಅಲ್ಲಲ್ಲ, ಹೆಡ್ಮಾಸ್ಟ್ರೇ ಅನ್ಬೇಕು ಈಗ. ರುಮಾಲು ಚೆನ್ನಾಗಿದೆ."

ಅದರಲ್ಲಿ ಮುಳ್ಳಿತ್ತೋ ಇಲ್ಲವೋ ಆದಿನಾರಾಯಣಪ್ಪನಿಗೆ ತಿಳಿಯಲಿಲ್ಲ. ಜಗಲಿಯ ಅಂಚಿಗೆ ಕೂತ. "ಎಷ್ಟೊತ್ತಿಗೆ ರೈಲು?"

"ಹೊತ್ತಿದೆ. ಜಟಕಾಕ್ಕೆ ಹೇಳಿದೀನಿ. ನಮ್ಮ ಸೋದರಮಾವನ ಮರದ ಡಿಪೋದಲ್ಲಿ ಲೆಕ್ಕ ಬರೆಯೋ ಕೆಲಸ, ಬೆಂಗಳೂರಲ್ಲೇ. ತೊಲೆ ಎಷ್ಟು, ಹಲಗೆ ಎಷ್ಟು. ಅದಿರಲಿ ಬಿಡಿ," ಎಂದು ಸಾಹೇಬರು ಹಗ್ಗ ಬಿಟ್ಟು ಹತ್ತಿರ ಬಂದು ಕೂತರು. ಅವರ ಕಣ್ಣು ಹೊಳೆಯುತ್ತಿತ್ತು. ಕೆಲಸ ಕಳೆದುಕೊಂಡವನ ಕಣ್ಣಲ್ಲ ಅದು. "ನಮ್ಮ ನಂಬರು ಸಾಬೀತಾಯ್ತು ಮೇಷ್ಟ್ರೇ!"

"ಅಂದ್ರೆ?"

"ಡಿಪೋ ನೋಡೋಕೆ ಹೋಗಿದ್ನಲ್ಲ, ಆಗ ನನ್ನ ಹಳೇ ಪ್ರೊಫೆಸರ್ ಮನೆಗೂ ಹೋಗಿದ್ದೆ. ರಿಟೈರಾಗಿ ಮನೇಲಿದಾರೆ. ನಂಬರು ಹೇಳ್ದೆ, ಭಾಗಾಕಾರದ ಕಥೆ ಹೇಳ್ದೆ. ನಕ್ಕುಬಿಟ್ರು. ಇಷ್ಟು ಕಷ್ಟ ಯಾಕಯ್ಯಾ ಪಟ್ರಿ, ಅದರಿಂದ ಒಂದು ಕಳೆದು ನೋಡ್ಬೇಕಿತ್ತು ಅಂದ್ರು. ಒಂದು ಕಳೆದ್ರೆ ಏನು ಉಳಿಯುತ್ತೆ? ಕೊನೇಲಿ ಸೊನ್ನೆ. ಅದು ಪೂರ್ತಿ ಒಡೆ‌ಯುತ್ತೆ: ಎರಡು, ಎರಡು ಸಲ ಮೂರು, ಐದು, ಆಮೇಲೆ ನನ್ನ ಮೂರು ಸಾವಿರದ ಆರುನೂರ ಏಳು, ನಿಮ್ಮ ಮೂರು ಸಾವಿರದ ಎಂಟುನೂರ ಮೂರು! ಒಂದೊಂದು ಉಳಿದಿತ್ತಲ್ಲ ನಮಗೆ, ಆ ಎರಡೇ ಬೀಗದ ಕೈ. ನಾವು ಕೈಯಲ್ಲೇ ಇಟ್ಕೊಂಡು ಬಾಗಿಲು ಹುಡುಕ್ತಾ ಇದ್ವಿ."

ಸಾಹೇಬರು ನೆಲದ ಮೇಲೆ ಬೆರಳಿನಿಂದ ಬರೆಯುತ್ತಾ ವಿವರಿಸಿದರು. ಒಂದು ಚಿಕ್ಕ ಸಂಖ್ಯೆಯನ್ನು ತೆಗೆದುಕೊಂಡು ವರ್ಗ ಮಾಡುವುದು, ದೊಡ್ಡ ಸಂಖ್ಯೆಯಿಂದ ಭಾಗಿಸುವುದು, ಉಳಿದದ್ದನ್ನು ಮತ್ತೆ ವರ್ಗ ಮಾಡುವುದು. ಹೀಗೇ ಏರುತ್ತಾ ಹೋದರೆ ತುದಿಯಲ್ಲಿ ಒಂದು ಉಳಿಯಬೇಕು, ಆದರೆ ಆ ಚೂರುಗಳಲ್ಲಿ ಯಾವುದೊಂದನ್ನು ಬಿಟ್ಟು ಏರಿದರೂ ಒಂದು ಉಳಿಯಬಾರದು. ಹಾಗಾದರೆ ಸಂಖ್ಯೆ ಅವಿಭಾಜ್ಯವೇ; ಬೇರೆ ದಾರಿಯಿಲ್ಲ. ಎರಡು ದಿನ ಡಿಪೋದ ಮರದ ದಿಮ್ಮಿಯ ಮೇಲೆ ಕೂತು ಮಾಡಿದೆ, ಪ್ರೊಫೆಸರೂ ನೋಡಿದರು, ಸರಿ ಇದೆ, ಎಂದರು. ಆದಿನಾರಾಯಣಪ್ಪ ಕೇಳುತ್ತಿದ್ದ. ಎರಡು ದಿನ! ಎರಡು ವರ್ಷ ಮಾಡಿದ್ದು ಎರಡು ದಿನದ ಕೆಲಸವೆಂಬ ಕಹಿ ಗಂಟಲಲ್ಲಿ ಇಳಿಯುವ ಮೊದಲೇ ಇನ್ನೊಂದು ಏನೋ ಬೆಚ್ಚಗೆ ಮೇಲೇರಿತು: ಸಂಖ್ಯೆ ನಿಜವಾಗಿ ಒಡೆಯುವುದಿಲ್ಲ. ಅಂದಮೇಲೆ ತನ್ನ ಪಾಲಿನಲ್ಲಿ ಸೊನ್ನೆ ಶೇಷ ಎಲ್ಲೂ ಬರಲು ಸಾಧ್ಯವಿರಲಿಲ್ಲ. ತಾನು ಬರೆದ ಸುಳ್ಳುಗಳೆಲ್ಲ ನಿಜದ ಮನೆಯಲ್ಲೇ ಸುರಕ್ಷಿತವಾಗಿ ಕೂತಿವೆ. ಯಾರೂ ಎಬ್ಬಿಸಬೇಕಾಗಿಲ್ಲ.

"ನೋಡಿ ಇಲ್ಲಿ," ಎಂದು ಸಾಹೇಬರು ಟ್ರಂಕು ತೆಗೆದು ಎರಡು ಕಟ್ಟು ಹೊರತೆಗೆದರು. ಒಂದು ಅವನದೇ ಹಾಳೆಗಳು. ಇನ್ನೊಂದು ಅವರು ಮಾಡಿದ ಪ್ರತಿ. ಒಳ್ಳೆಯ ಕಾಗದ, ಕರಿಯ ಮಸಿ, ಮುತ್ತು ಪೋಣಿಸಿದಂಥ ಅಂಕಿಗಳು. "ಪ್ರೊಫೆಸರ್ ಒಂದು ಮಾತು ಹೇಳಿದ್ರು. ಈ ಶೇಷಗಳ ಪಟ್ಟಿ ಯಾರೂ ಮಾಡಿಲ್ಲ, ಗಣಿತದ ಪತ್ರಿಕೆಗೆ ಕಳಿಸೋಣ, ಅಚ್ಚಾಗಬಹುದು ಅಂತ. ಇಬ್ಬರ ಹೆಸರೂ ಹಾಕಿ. ಮೊದಲು ನಿಮ್ಮದು, ಅಕ್ಷರದ ಲೆಕ್ಕದಲ್ಲಿ ನೀವೇ ಮುಂದೆ." ನಕ್ಕರು. "ನನ್ನ ಪಾಲಿನದು ನೀವು ಪ್ರತಿ ಮಾಡಿದೀರಲ್ಲ?"

ಅಚ್ಚಾಗುತ್ತದೆ. ಎಲ್ಲೋ ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ಒಬ್ಬ ಬೇಸರದ ಮನುಷ್ಯ ಯಾವುದೋ ಮಧ್ಯಾಹ್ನ ಒಂದು ಸಾಲನ್ನು ಆರಿಸಿಕೊಂಡು ಭಾಗಿಸಿ ನೋಡುತ್ತಾನೆ. ಆದಿನಾರಾಯಣಪ್ಪನ ಕಿವಿ ಬಿಸಿಯಾಯಿತು. ಇಲ್ಲಿಗೆ ಬರುವಾಗ ಒಂದು ತಪ್ಪೊಪ್ಪಿಗೆ ಅವನ ಮನಸ್ಸಿನಲ್ಲಿ ಇದ್ದದ್ದು ನಿಜ, ಅದು ಕುರ್ಚಿಯದು. ಅದನ್ನು ಆಡುವ ಧೈರ್ಯ ದಾರಿಯಲ್ಲೇ ಕರಗಿತ್ತು. ಈಗ ಅದರ ಬದಲು ಈ ಚಿಕ್ಕದನ್ನು ಕೊಡಬಹುದು ಅನ್ನಿಸಿತು. ಚಿಕ್ಕದು, ಯಾರಿಗೂ ನಷ್ಟವಿಲ್ಲದ್ದು, ಈಗಾಗಲೇ ಸತ್ಯ ಮುಚ್ಚಿಹಾಕಿರುವಂಥದ್ದು. ಇದಕ್ಕೆ ಸಾಹೇಬರು ನಕ್ಕು ಬೆನ್ನು ತಟ್ಟುತ್ತಾರೆ. ಆ ತಟ್ಟುವಿಕೆಯಲ್ಲಿ ದೊಡ್ಡದೂ ಸ್ವಲ್ಪ ತೊಳೆದುಹೋಗುತ್ತದೆ.

"ಸಾಹೇಬ್ರೇ, ಅಚ್ಚಿಗೆ ಬೇಡ. ನನ್ನ ಪಾಲಿನಲ್ಲಿ ಕೆಲವು... ಭಾಗಿಸದೇ ಬರೆದಿದೀನಿ. ಸುಸ್ತಾದಾಗ. ಸುಮ್ಮನೆ ಶೇಷ ಹಾಕಿದೀನಿ."

ಸಾಹೇಬರ ಮುಖದ ಮೇಲೆ ನಗೆ ಹಾಗೆಯೇ ಇತ್ತು, ಮಾತಿನ್ನೂ ತಲುಪದವರಂತೆ. "ಕೆಲವು ಅಂದ್ರೆ?"

"ಇಪ್ಪತ್ತೋ, ಐವತ್ತೋ. ಹೆಚ್ಚೂ ಇರಬಹುದು."

"ಯಾವ ಯಾವುದು? ತೋರಿಸಿ, ಕೂತು ಮಾಡಿಬಿಡೋಣ. ರೈಲಿಗೆ ಹೊತ್ತಿದೆ." ಹಾಳೆಗಳನ್ನು ಅವನ ಮುಂದೆ ತಳ್ಳಿದರು.

ಆದಿನಾರಾಯಣಪ್ಪ ಹಾಳೆಗಳನ್ನು ನೋಡಿದ. ಎಲ್ಲ ಒಂದೇ ಕೈಬರಹ, ಒಂದೇ ಮಸಿ. ತಿರುವಿದ, ಮತ್ತೆ ತಿರುವಿದ. ದಸರಾದ ಹಾಳೆ ಯಾವುದು? ಇದೋ, ಇದರ ಹಿಂದಿನದೋ? ಸುಳ್ಳು ತನ್ನದೇ ಮಗುವಾದರೂ ಅವನಿಗೆ ಗುರುತು ಸಿಗಲಿಲ್ಲ.

"ನೆನಪಿಲ್ಲ," ಎಂದ.

ತಾಜುದ್ದೀನ್ ಸಾಹೇಬರು ತಾವು ಮಾಡಿದ ಪ್ರತಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು, ಇನ್ನೊಂದರ ಮೇಲಿಟ್ಟರು. "ಹಾಗಾದ್ರೆ ಎಲ್ಲಾನೂ ಸುಳ್ಳೇ," ಎಂದರು. "ಯಾವುದು ನಿಜ ಅಂತ ಗೊತ್ತಾಗೋದಿಲ್ಲವಲ್ಲ. ನಾನು ಕೂತು ಇದನ್ನ ಹೊಸ ನಿಬ್ಬಿನಲ್ಲಿ ಬರೆದೆ."

"ಹೆಂಗಿದ್ರೂ ನಂಬರು ಅವಿಭಾಜ್ಯ ಅಂತ ಆಯ್ತಲ್ಲ ಸಾಹೇಬ್ರೇ. ನಷ್ಟವೇನಾಯ್ತು?"

"ನಷ್ಟ?" ಸಾಹೇಬರ ದನಿ ಏರಲಿಲ್ಲ, ತಗ್ಗಿತು. "ಮೇಷ್ಟ್ರೇ, ವೆಂಕಟರಾಯಪ್ಪನೋರು ನನ್ನ ಕರೆಸಿ ಹೇಳಿದ್ರು. ನಿಮ್ಮ ದೋಸ್ತನ್ನೂ ಕೇಳಿದ್ವಿ, ಅವರೂ ಹೌದು ಅನ್ಲಿಲ್ಲ, ಇಲ್ಲ ಅನ್ಲಿಲ್ಲ ಅಂತ. ನಾನು ಮನೆಗೆ ಬಂದು ಯೋಚನೆ ಮಾಡ್ದೆ. ಹೊಟ್ಟೆಪಾಡು. ಮಕ್ಕಳೊಂದಿಗ ಮನುಷ್ಯ. ನಿಮ್ಮ ಜಾಗದಲ್ಲಿ ನಾನಿದ್ರೆ ನಾನೂ ಬಾಯಿ ಕಟ್ಕೊಂಡು ಕೂತಿರ್ತಿದ್ನೋ ಏನೋ. ಮಾಫ್ ಮಾಡ್ದೆ. ನಿಜವಾಗ್ಲೂ ಮಾಡ್ದೆ, ಅದಕ್ಕೇ ನಿಮಗೆ ಹೇಳಿ ಕಳಿಸ್ದೆ. ಆದ್ರೆ ಇದಕ್ಕೆ ಯಾರ ಭಯ ಇತ್ತು ನಿಮಗೆ? ಸಂಬಳ ಇತ್ತಾ? ಕಮಿಟಿ ಇತ್ತಾ? ನಾವಿಬ್ರೇ ಇದ್ದ ಜಾಗ ಅಲ್ವಾ ಅದು?"

ಆದಿನಾರಾಯಣಪ್ಪನಿಗೆ ಏನಾದರೂ ಹೇಳಬೇಕೆನ್ನಿಸಿತು. ಏನಾದರೂ ಒಳ್ಳೆಯದು. "ನಿಮ್ಮ ಪಾಲು ಪೂರ್ತಿ ಸರಿ ಇದೆ ಸಾಹೇಬ್ರೇ. ಒಂದೂ ತಪ್ಪಿಲ್ಲ. ನಾನು ಎಲ್ಲಾನೂ ನೋಡಿದೀನಿ."

"ನೋಡಿದೀರಾ?"

"ಭಾಗಿಸಿ ನೋಡ್ದೆ. ಮೊದಲಿಂದ ಕೊನೇವರೆಗೆ."

"ಪ್ರತಿ ಮಾಡ್ಲಿಲ್ಲ. ಪರೀಕ್ಷೆ ಮಾಡಿದ್ರಿ." ಸಾಹೇಬರು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪರಿಚಯವಿಲ್ಲದ ಊರಿನಲ್ಲಿ ಇಳಿದವನ ಗಲಿಬಿಲಿ ಇತ್ತು. "ಅಷ್ಟು ಹೊತ್ತಲ್ಲಿ ನಿಮ್ಮದನ್ನೇ ಮಾಡಿ ಮುಗಿಸಬಹುದಿತ್ತಲ್ಲ ಮೇಷ್ಟ್ರೇ."

ಪರದೆಯ ಒಳಗಿನಿಂದ ಶರೀಫುನ್ನೀಸಾ ಉರ್ದುವಿನಲ್ಲಿ ಏನೋ ಕೇಳಿದರು. ಚಾದ ಬಟ್ಟಲುಗಳನ್ನು ಸುತ್ತಲು ಕಾಗದ ಬೇಕಿತ್ತು. ಸಾಹೇಬರು ಕೂತಲ್ಲಿಂದಲೇ ಅವನ ಹಾಳೆಗಳ ಕಟ್ಟನ್ನು ಪರದೆಯ ಅಡಿಗೆ ದೂಡಿದರು. ಆಮೇಲೆ ತಮ್ಮ ಮುತ್ತಿನ ಅಕ್ಷರದ ಪ್ರತಿಯನ್ನು. ಕೊನೆಗೆ ಕೈಚಾಚಿ, ಆದಿನಾರಾಯಣಪ್ಪನ ಕಂಕುಳಲ್ಲಿದ್ದ ಒಂದು, ಏಳರ ಕಟ್ಟನ್ನೂ ತೆಗೆದುಕೊಂಡರು.

"ಅದು ಬೇಡ, ಅದು ಸರಿ ಇರೋದು!" ಎಂದ ಅವನು.

"ಅರ್ಧ ಇಟ್ಕೊಂಡು ಏನ್ಮಾಡ್ಲಿ?" ಎಂದು ಅದನ್ನೂ ದೂಡಿದರು.

ಒಳಗಿನಿಂದ ಕಾಗದ ಹರಿಯುವ ಸದ್ದು ಬರತೊಡಗಿತು. ಹರಿದು, ಮುದುಡಿ, ಬಟ್ಟಲಿಗೆ ಸುತ್ತಿ, ಗೋಣಿಗೆ ಇಳಿಸುವ ಸದ್ದು. ಹೊರಡಬೇಕೆಂದು ಆದಿನಾರಾಯಣಪ್ಪನಿಗೆ ತಿಳಿಯಿತು, ಹೊರಡಲಾಗಲಿಲ್ಲ. ಸಾಹೇಬರು ಮತ್ತೆ ಹಾಸಿಗೆಯ ಹತ್ತಿರ ಹೋಗಿ ಹಗ್ಗ ಹಿಡಿದಿದ್ದರು. ಅವನು ಎದ್ದು ಹೋಗಿ ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡ. ಸಾಹೇಬರು ತಡೆಯಲಿಲ್ಲ, ಬೇಡ ಎನ್ನಲಿಲ್ಲ, ಅವನತ್ತ ನೋಡಲೂ ಇಲ್ಲ. ಕೂಲಿಯವನೊಬ್ಬ ಹಿಡಿದಿದ್ದರೆ ಹೇಗೋ ಹಾಗೆ, ತಮ್ಮ ಕಡೆಯ ತುದಿಯನ್ನು ಎಳೆದು ಗಂಟು ಹಾಕಿದರು. ಜಟಕಾ ಬಂದು ನಿಂತಿತು. ಅವನು ಟ್ರಂಕಿನ ಒಂದು ಮಗ್ಗುಲು ಎತ್ತಲು ಬಗ್ಗಿದಾಗ ರುಮಾಲು ಕಳಚಿ ಮಣ್ಣಿಗೆ ಬಿತ್ತು. ಎತ್ತಿಕೊಂಡು ಝಾಡಿಸುತ್ತಾ ನಿಂತ. ಆಗ ಪರದೆಯ ಹಿಂದಿನಿಂದ ಶರೀಫುನ್ನೀಸಾರ ದನಿ ಕೇಳಿತು. ಎರಡು ವರ್ಷದಲ್ಲಿ ಆ ದನಿ ಕನ್ನಡದಲ್ಲಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಮಾತು ಗಂಡನಿಗೆ ಹೇಳಿದ್ದು, ಆದರೆ ಭಾಷೆ ಅವನಿಗಾಗಿ ಆರಿಸಿಕೊಂಡದ್ದು.

"ಹೆಡ್ಮಾಸ್ಟರ್ ಸಾಬ್‌ಗೆ ಸ್ಕೂಲಿಗೆ ಹೊತ್ತಾಯ್ತು. ಹೋಗೋಕೆ ಹೇಳಿ."

ಅವನು ಹೋದ. ಬರ್ತೀನಿ ಎಂದನೋ ಇಲ್ಲವೋ ನೆನಪಿಲ್ಲ. ಓಣಿಯ ತಿರುವಿನಲ್ಲಿ ನಿಂತು ಬರಿಗೈಯಿಂದ ರುಮಾಲು ಸುತ್ತಿಕೊಂಡ. ಕನ್ನಡಿ ಇಲ್ಲದೆಯೇ ಅದು ಈ ಸಲ ಸರಿಯಾಗಿ ಕೂತಿತು.

ಸ್ಕೂಲಿನ ಅಂಗಳದಲ್ಲಿ ಹುಡುಗರು ಸಾಲಾಗಿ ನಿಂತಿದ್ದರು. ಗಂಟೆಯ ಕೆಳಗೆ ಜವರಪ್ಪ ಸುತ್ತಿಗೆ ಹಿಡಿದು ಕಾಯುತ್ತಿದ್ದ. "ನೀವು ಬರ್ಲಿ ಅಂತ ಹೊಡೆದಿಲ್ಲ ಸಾರ್. ಪ್ರೆಸಿಡೆಂಟ್ರು ಒಳಗೆ ಕೂತವ್ರೆ."

ವೆಂಕಟರಾಯಪ್ಪನವರು ಹೆಡ್ಮಾಸ್ತರ ಕೋಣೆಯಲ್ಲಿ ಬಂದವರಿಗಾಗಿ ಇಟ್ಟ ಸ್ಟೂಲಿನ ಮೇಲೆ ಕೂತು ಬೀಸಣಿಗೆಯಂತೆ ಪೇಪರು ಬೀಸಿಕೊಳ್ಳುತ್ತಿದ್ದರು. "ಸಾಹೇಬ್ರ ಮನೆಗೆ ಹೋಗಿದ್ರಂತೆ? ಹೊರಟ್ರಾ?"

"ಹೊರಟ್ರು."

"ಏನಾದ್ರೂ ಅಂದ್ರಾ?"

"ಏನಿಲ್ಲ ಸ್ವಾಮಿ. ಲೆಕ್ಕದ ವಿಷಯ ಮಾತಾಡಿದ್ವಿ."

"ಪಾಪ," ಎಂದರು ವೆಂಕಟರಾಯಪ್ಪನವರು. ಹೈದರಾಬಾದಿನ ಗಲಾಟೆ ತಣ್ಣಗಾಗಿತ್ತು, ಪೇಪರಿನಲ್ಲಿ ಈಗ ಬೇರೆ ಸುದ್ದಿಗಳಿದ್ದವು. "ಈಗ ಯೋಚನೆ ಮಾಡಿದ್ರೆ ಅಷ್ಟೊಂದು ಆತುರ ಬೇಕಿರ್ಲಿಲ್ಲ ಅನ್ಸುತ್ತೆ ಕಣ್ರೀ. ಕಮಿಟೀಲಿ ಇದ್ದೋರು ಇಬ್ರೇ ವಿರೋಧ. ಆವತ್ತು ನೀವು ಒಂದೇ ಒಂದು ಮಾತು, ನಂಬಬೋದು ಸ್ವಾಮಿ ಅಂತ ಅಂದಿದ್ರೆ ನಾನು ಅವರ ಬಾಯಿ ಮುಚ್ಚಿಸ್ತಿದ್ದೆ. ಅದಕ್ಕೇ ನಿಮ್ಮನ್ನ ಕರೆಸಿದ್ದು ನಾನು. ನಿಮ್ಮ ಬಾಯನ್ನೇ ನೋಡ್ತಾ ಕೂತಿದ್ದೆ."

ಹೊರಗೆ ಜವರಪ್ಪ ಗಂಟೆ ಬಾರಿಸಿದ. ಹುಡುಗರ ಸಾಲುಗಳು ತರಗತಿಗಳತ್ತ ಸರಿದವು. ಲೆಕ್ಕದ ತರಗತಿಗೆ ಈ ಹೊತ್ತು ಮೇಷ್ಟರಿಲ್ಲ ಎಂದು ಆದಿನಾರಾಯಣಪ್ಪನಿಗೆ ನೆನಪಾಯಿತು.

"ಅದಿರಲಿ. ಅವರ ಜಾಗಕ್ಕೆ ಒಬ್ರನ್ನ ತಗೋಬೇಕಲ್ಲ," ಎಂದರು ವೆಂಕಟರಾಯಪ್ಪನವರು. "ನೀವೇ ಯಾರನ್ನಾದ್ರೂ ನೋಡಿ. ನಂಬಿಕಸ್ತ ಆಗಿರ್ಬೇಕು. ಯಾಕೆ ನಿಂತೇ ಇದೀರಲ್ಲ? ಕೂತ್ಕೊಳ್ಳಿ, ನಿಮ್ಮದೇ ಕುರ್ಚಿ."

ಆದಿನಾರಾಯಣಪ್ಪ ಮೇಜಿನ ಹಿಂದೆ ಹೋಗಿ ಕೂತ.